ಕಪ್ಪು ಪಟ್ಟಿಯ ಹಿಂದಿನ ಹೆಸರು

ಕಳೆದ ಪುಷ್ಯಮಾಸದಲ್ಲಿ ಅತ್ತಿಗುಂಡಿಯ ಸದ್ಭಕ್ತರೊಬ್ಬರ ಮನೆಗೆ ಬಿನ್ನಹಕ್ಕೆಂದು ಹೋಗಿದ್ದೆವು. ಚಿಕ್ಕಮಗಳೂರಿನಿಂದ ಕೈಮರ ದಾಟಿ, ಕವಿಕಲ್ ಗಂಡಿಯ ತಿರುವುಗಳನ್ನೇರಿ ಅತ್ತಿಗುಂಡಿ ಸೇರುವಷ್ಟರಲ್ಲಿ ಬಿಸಿಲು ಏರಿದ್ದರೂ ಮಂಜು ಪೂರ್ತಿಯಾಗಿ ಸರಿದಿರಲಿಲ್ಲ. ಅದು ಕಾಫಿ ಕುಯ್ಲಿನ ಕಾಲ. ಆಳುಗಳು ತೋಟದಲ್ಲಿದ್ದರು; ಮನೆಯ ಮುಂದಿನ ಕಣದ ಮುಕ್ಕಾಲು ಪಾಲಿನಲ್ಲಿ ಕಾಫಿ ಹರಡಿತ್ತು. ಉಳಿದ ಕಾಲು ಪಾಲಿನಲ್ಲಿ ಆ ಮನೆಯ ಹುಡುಗ, ಹತ್ತನೆಯ ತರಗತಿಯವನು, ಹಣ್ಣು ಬಿಡಿಸುವ ಬುಟ್ಟಿಯೊಂದನ್ನು ಮಗುಚಿಟ್ಟು ಅದಕ್ಕೆ ಗುರಿಯಿಟ್ಟು ಚೆಂಡೆಸೆಯುತ್ತಿದ್ದನು. ಗಿರಿಯ ಊರುಗಳಲ್ಲಿ ಸಮನೆಲವೆಂಬುದು ದುರ್ಲಭ ವಸ್ತು. ಇದ್ದ ಸಮನೆಲವೆಲ್ಲ ಕಣವಾಗುತ್ತದೆ. ಕಣ ಬಿಟ್ಟರೆ ಇಳಿಜಾರು. ಹುಡುಗನು ತಪ್ಪಿ ಎಸೆದ ಚೆಂಡು ಸಿಲ್ವರ್ ಓಕ್ ಮರಗಳ ನಡುವೆ ಉರುಳಿ ಕೆಳಗಿನ ತೋಟ ಸೇರುತ್ತಿತ್ತು. ಪ್ರತಿ ಸಲವೂ ಅವನೇ ಇಳಿದು ಅವನೇ ಹತ್ತಬೇಕು. ಆದ್ದರಿಂದಲೋ ಏನೋ, ಅವನು ಬುಟ್ಟಿಗೆ ತಪ್ಪಿಸುತ್ತಿದ್ದುದು ಕಡಿಮೆ.

ಲಿಂಗಪೂಜೆ, ಪ್ರಸಾದಗಳಾದ ಮೇಲೆ ಮನೆಯ ಯಜಮಾನರು ತಮ್ಮ ಸಂಕಟವನ್ನು ನಮ್ಮ ಮುಂದಿಟ್ಟರು. "ಅಯ್ಯನವರೇ, ಇವನಿಗೆ ತಾವೊಂದು ಬುದ್ಧಿ ಹೇಳಬೇಕು. ಪರೀಕ್ಷೆ ಹತ್ತಿರ ಬಂತು. ಹೊತ್ತು ಮೂಡುವುದಕ್ಕೆ ಮೊದಲೇ ಕಣದಲ್ಲಿ ಓಡುತ್ತಾನೆ. ಈ ಆಟದಿಂದ ನಮ್ಮಂಥವರ ಮಕ್ಕಳಿಗೆ ಏನಾಗಬೇಕಿದೆ?" ಎಂದರು. ಬುದ್ಧಿ ಹೇಳುವುದು ನಮಗೆ ಹೊಸದಲ್ಲ. ಮಠವೊಂದರ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯನ್ನು ನಾವು ಕೆಲವು ವರ್ಷ ನೋಡಿಕೊಂಡಿದ್ದೆವು. ಆ ಕಾಲದಲ್ಲಿ ಸಂಜೆಯ ಪ್ರಾರ್ಥನೆಗೆ ತಡವಾಗಿ ಬಂದ ಹುಡುಗರ ಕೈಯಿಂದ ಕಿತ್ತುಕೊಂಡ ಚೆಂಡುಗಳು ನಮ್ಮ ಕೊಠಡಿಯ ಅಲಮಾರಿನ ಕೆಳಗಿನ ಖಾನೆಯನ್ನು ತುಂಬಿದ್ದವು. ವರ್ಷದ ಕೊನೆಗೆ ಹಿಂದಿರುಗಿಸುವೆವೆಂದು ಹೇಳುತ್ತಿದ್ದೆವು, ಹಿಂದಿರುಗಿಸಿದ್ದು ನೆನಪಿಲ್ಲ. ಹೀಗಿರುವುದರಿಂದ ಯಜಮಾನರು ಸರಿಯಾದ ನ್ಯಾಯಾಧೀಶರನ್ನೇ ಆರಿಸಿಕೊಂಡಿದ್ದರೆನ್ನಬೇಕು.

ಹುಡುಗನನ್ನು ಕರೆದು ಕೂರಿಸಿಕೊಂಡೆವು. ನಾವು ಬಾಯಿ ತೆರೆಯುವ ಮೊದಲೇ ಅವನು ಒಂದು ಪ್ರಶ್ನೆ ಕೇಳಿದನು: "ಅಯ್ಯನವರೇ, ಹೋದ ವಿಶ್ವಕಪ್ಪಿನಲ್ಲಿ ಅಫ್ಘಾನಿಸ್ತಾನದ ಮೇಲೆ ಆಡುವಾಗ ನಮ್ಮವರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದರಲ್ಲ, ಅದು ಯಾರಿಗಾಗಿ? ಅಪ್ಪನಿಗೆ ಗೊತ್ತಿಲ್ಲವಂತೆ. ಜಾನ್ಸನ್ ಅಂತ ಹೇಳಿದರು. ಅವರು ಯಾವ ದೇಶದವರು?"

ಆ ಪ್ರಶ್ನೆ ನಮ್ಮ ಬುದ್ಧಿವಾದದ ದಾರಿಯನ್ನೇ ತಿರುಗಿಸಿತು. ಈ ತಿಂಗಳ ಪುಟವನ್ನು ಅದರ ಉತ್ತರಕ್ಕೆ ಮೀಸಲಿಟ್ಟಿದ್ದೇವೆ. ಧರ್ಮಪತ್ರಿಕೆಯಲ್ಲಿ ಕ್ರಿಕೆಟ್ಟೇಕೆಂದು ಹುಬ್ಬೇರಿಸುವ ಹಿರಿಯ ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕಾಗಿ ವಿನಂತಿ.

ಡೇವಿಡ್ ಜಾನ್ಸನ್ ಯಾವ ದೇಶದವರೂ ಅಲ್ಲ, ನಮ್ಮ ನೆರೆಯವರೇ. 1971ರ ಅಕ್ಟೋಬರ್ 16ರಂದು ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಜನಿಸಿದವರು. ಗಿರಿಯ ನೆತ್ತಿಯಲ್ಲಿ ನಿಂತು ಮೂಡಣಕ್ಕೆ ನೋಡಿದರೆ ಅಯ್ಯನಕೆರೆಯ ನೀರು, ಅದರಾಚೆ ಹಬ್ಬಿದ ಬಯಲುಸೀಮೆ ಕಾಣುತ್ತದಲ್ಲವೆ? ಆ ದಿಕ್ಕಿನಲ್ಲಿಯೇ ಕಡೂರು, ಮುಂದೆ ರೈಲುಗಳು ಸಂಧಿಸುವ ಅರಸೀಕೆರೆ. ಅದೇ ತಾಲ್ಲೂಕಿನಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿರುವ ಜಾವಗಲ್ ಎಂಬ ಊರಿದೆ. ಆ ಹೆಸರನ್ನು ಜಗತ್ತಿನ ಮೈದಾನಗಳಿಗೆಲ್ಲ ಕೊಂಡೊಯ್ದ ಜಾವಗಲ್ ಶ್ರೀನಾಥರು ಹುಟ್ಟಿದ್ದು ಮೈಸೂರಿನಲ್ಲಾದರೂ ಅವರ ಮನೆತನದ ಮೂಲ ಆ ಊರೇ. ತೆಂಗು, ರಾಗಿಗಳಿಗೆ ಹೆಸರಾದ ಒಂದು ತಾಲ್ಲೂಕು ಭಾರತ ತಂಡಕ್ಕೆ ಇಬ್ಬರು ವೇಗದ ಬೌಲರುಗಳೊಂದಿಗೆ ನಂಟು ಪಡೆದಿದೆ. ಒಬ್ಬರ ಹೆಸರು ಮಕ್ಕಳಿಗೂ ಗೊತ್ತು. ಇನ್ನೊಬ್ಬರನ್ನು ಕುರಿತು "ಯಾವ ದೇಶದವರು" ಎಂದು ಕೇಳುವಂತಾಗಿದೆ.

ನಾವು ಪಾಠಶಾಲೆಯಲ್ಲಿದ್ದ ಕಾಲದಲ್ಲಿ ಕರ್ನಾಟಕವೆಂದರೆ ಸ್ಪಿನ್ ಬೌಲಿಂಗಿನ ನಾಡು. 1973-74ರಲ್ಲಿ ರಾಜ್ಯ ತಂಡವು ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಾಗ ಪ್ರಸನ್ನ, ಚಂದ್ರಶೇಖರ್ ಎಂಬ ಎರಡು ಹೆಸರುಗಳನ್ನು ನಮ್ಮ ಪಂಡಿತರೂ ಬಲ್ಲವರಾಗಿದ್ದರು. ನಿಧಾನವಾಗಿ ಬಂದು ದಾಂಡಿಗನನ್ನು ಮೋಸಗೊಳಿಸುವುದು ನಮ್ಮ ವಿದ್ಯೆ. ಓಡಿಬಂದು ಬೆದರಿಸುವುದು ವೆಸ್ಟ್ ಇಂಡೀಸಿನವರ ವಿದ್ಯೆ ಎಂದು ನಂಬಿದ್ದೆವು. ಇಪ್ಪತ್ತು ವರ್ಷಗಳಲ್ಲಿ ಈ ನಂಬಿಕೆ ತಲೆಕೆಳಗಾಯಿತು. ಶ್ರೀನಾಥ್, ವೆಂಕಟೇಶ ಪ್ರಸಾದ್, ಜಾನ್ಸನ್, ದೊಡ್ಡ ಗಣೇಶ್, ನಾಲ್ವರೂ ಒಂದೇ ರಾಜ್ಯದವರು, ಒಂದೇ ಕಾಲದವರು. ಹೊರಗಿನಿಂದ ನೋಡುವವರಿಗೆ ಇದು ಸಂಪತ್ತು. ಆದರೆ ಒಂದು ಮನೆಯಲ್ಲಿ ನಾಲ್ವರು ಗಂಡುಮಕ್ಕಳಿದ್ದು ಒಂದೇ ಜೊತೆ ಎತ್ತಿದ್ದರೆ ಆಗುವ ಪಾಡು ಒಳಗಿನವರಿಗೆ ಗೊತ್ತು. ದೇಶದ ತಂಡದಲ್ಲಿ ಹೊಸ ಚೆಂಡು ಹಿಡಿಯುವವರು ಇಬ್ಬರು. ಆ ಎರಡು ಸ್ಥಾನಗಳಿಗೆ ಶ್ರೀನಾಥ್ ಮತ್ತು ಪ್ರಸಾದ್ ಇದ್ದರು.

ಹಾಗೆಂದು ಶ್ರೀನಾಥರ ಹಾದಿಯೇನೂ ಹೂವಿನದಾಗಿರಲಿಲ್ಲ. 1991ರಲ್ಲಿ ಆಸ್ಟ್ರೇಲಿಯಾದ ನೆಲದಲ್ಲಿ ಮೊದಲ ಟೆಸ್ಟ್ ಆಡಿದ ಅವರಿಗೆ ಸ್ವದೇಶದಲ್ಲಿ ಟೆಸ್ಟ್ ಆಡುವ ಯೋಗ ಬಂದದ್ದು 1994ರಲ್ಲಿ. ನಮ್ಮ ನೆಲದಲ್ಲಿ ಸ್ಪಿನ್ನರುಗಳೇ ಸಾಕೆಂದು ಅವರನ್ನು ಹೊರಗಿರಿಸುತ್ತಿದ್ದರು. ತಾಳಿ ನಿಂತರು, 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಗಳಿಸಿದರು. ಅವರಿಗೇ ಹೀಗಾದರೆ ಅವರ ಹಿಂದೆ ಸಾಲಿನಲ್ಲಿ ನಿಂತವರ ಗತಿ ಏನು?

ಜಾನ್ಸನ್ನರು 1992-93ರ ಸಾಲಿನಲ್ಲಿ ರಾಜ್ಯದ ಪರ ಆಡತೊಡಗಿದರು. 1995-96ರಲ್ಲಿ ಕೇರಳದ ವಿರುದ್ಧದ ರಣಜಿ ಪಂದ್ಯವೊಂದರಲ್ಲಿ 152 ರನ್ ಕೊಟ್ಟು 10 ವಿಕೆಟ್ ಕಿತ್ತರು. ಆ ಸಾಲಿನ ಟ್ರೋಫಿಯೂ ಕರ್ನಾಟಕಕ್ಕೆ ಬಂದಿತು. ಮರುವರ್ಷ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ತಂಡ ಒಂದೇ ಟೆಸ್ಟ್ ಆಡಲು ದೆಹಲಿಗೆ ಬಂದಿತು. ಈಗ ಬಾರ್ಡರ್-ಗಾವಸ್ಕರ್ ಟ್ರೋಫಿ ಎಂದು ಪ್ರಸಿದ್ಧವಾಗಿರುವ ಸ್ಪರ್ಧೆಯ ಮೊದಲ ಪಂದ್ಯ ಅದು. ಶ್ರೀನಾಥರು ಗಾಯಗೊಂಡಿದ್ದರು. ಜಾವಗಲ್ಲಿನವರ ಜಾಗಕ್ಕೆ ಅರಸೀಕೆರೆಯವರು ಬಂದರು.

ಆದರೆ ಎಂಥ ನೆಲದ ಮೇಲೆ! ಫಿರೋಜ್ ಷಾ ಕೋಟ್ಲಾ ಮೈದಾನವು ಚೆಂಡು ಗಿರಗಿರನೆ ತಿರುಗುವ ಧೂಳಿನ ನೆಲ. ತಂಡದಲ್ಲಿ ಕುಂಬ್ಳೆ, ಸುನೀಲ ಜೋಶಿ, ಆಶಿಶ್ ಕಪೂರ್ ಮೂವರು ಸ್ಪಿನ್ನರುಗಳು. ಅಂಥ ಕಡೆ ವೇಗದ ಬೌಲರನ ಕೆಲಸ, ಊಟಕ್ಕೆ ಮೊದಲು ಎಲೆಗೆ ನೀರು ಚಿಮುಕಿಸಿದಂತೆ. ಹೊಸ ಚೆಂಡಿನ ಹೊಳಪು ಕಳೆದು ಸ್ಪಿನ್ನರಿಗೆ ಒಪ್ಪಿಸುವುದಷ್ಟೇ. ಆ ಸ್ವಲ್ಪ ಅವಕಾಶದಲ್ಲಿಯೇ ಎರಡನೆಯ ಇನಿಂಗ್ಸಿನಲ್ಲಿ ಆಸ್ಟ್ರೇಲಿಯಾದ ಆರಂಭಿಕ ದಾಂಡಿಗ ಮೈಕೆಲ್ ಸ್ಲೇಟರ್ ಅವರ ಚೆಂಡಿಗೆ ದಾಂಡು ತಾಗಿಸಿದರು. ಸ್ಲಿಪ್ಪಿನಲ್ಲಿದ್ದ ಅಜರುದ್ದೀನ್ ಹಾರಿ ಹಿಡಿದರು. ಸ್ಲೇಟರ್ ಖಾತೆ ತೆರೆದಿರಲಿಲ್ಲ. ಭಾರತ 7 ವಿಕೆಟ್‌ಗಳಿಂದ ಗೆದ್ದಿತು. ಆ ಗೆಲುವಿನ ವರ್ಣನೆಗಳಲ್ಲಿ ನಯನ್ ಮೊಂಗಿಯಾರ 152 ರನ್ನೂ ಕುಂಬ್ಳೆಯವರ ವಿಕೆಟ್ಟುಗಳೂ ಬಂದವು. ಬರಬೇಕಾದದ್ದೇ.

ಆ ಪಂದ್ಯದಲ್ಲಿ ಜಾನ್ಸನ್ನರು ಎಸೆದ ಚೆಂಡೊಂದು ಗಂಟೆಗೆ 157.8 ಕಿಲೋಮೀಟರ್ ವೇಗದಲ್ಲಿತ್ತೆಂದು ಅನೇಕರು ಬರೆದಿದ್ದಾರೆ. ಈ ಅಂಕಿಯನ್ನು ನಾವು ಕಣ್ಣುಮುಚ್ಚಿ ಒಪ್ಪುವುದಿಲ್ಲ; ಇಂದಿನಂತೆ ಪ್ರತಿ ಚೆಂಡಿನ ವೇಗವನ್ನೂ ಅಳೆಯುವ ಪರಿಪಾಠ ಆಗ ನಮ್ಮ ಮೈದಾನಗಳಲ್ಲಿರಲಿಲ್ಲ. ದಂತಕಥೆ ಎಂದಿಟ್ಟುಕೊಳ್ಳೋಣ. ಆದರೆ ಮೆಲ್ಲಗೆ ಎಸೆಯುವವನ ಬಗ್ಗೆ ಇಂಥ ದಂತಕಥೆ ಹುಟ್ಟುವುದಿಲ್ಲ. ಅಷ್ಟೇ ಅಲ್ಲ, 140 ಕಿಲೋಮೀಟರ್ ವೇಗವೇ ಇದ್ದರೂ ಚೆಂಡು ಬೌಲರನ ಕೈಬಿಟ್ಟು ದಾಂಡಿಗನನ್ನು ಮುಟ್ಟಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ನಾವು ಹಣೆಗೆ ವಿಭೂತಿ ಮುಟ್ಟಿಸುವಷ್ಟು ಹೊತ್ತೂ ಅಲ್ಲ. ಅಷ್ಟರಲ್ಲಿ ದಾಂಡಿಗ ನೋಡಬೇಕು, ನಿರ್ಧರಿಸಬೇಕು, ಮೈ ಹೊರಳಿಸಬೇಕು.

ಎಸೆಯುವವನ ಮೈಗೆ ಏನಾಗುತ್ತದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಓಡಿಬಂದ ವೇಗವನ್ನೆಲ್ಲ ಮುಂಗಾಲು ಊರಿ ಒಮ್ಮೆಲೆ ತಡೆದಾಗ ಆ ಕಾಲಿನ ಮೇಲೆ ಬೀಳುವ ಹೊರೆ ಅವನ ದೇಹತೂಕದ ಐದಾರು ಪಟ್ಟು. ಅದೇ ಕ್ಷಣ ಬೆನ್ನು ಬಾಗಿ ತಿರುಚುತ್ತದೆ, ಭುಜ ಬೀಸುತ್ತದೆ. ದಿನಕ್ಕೆ ನೂರು ಸಲ ಹೀಗೆ. ಸ್ಪಿನ್ನರನಿಗೆ ವಯಸ್ಸು ವಿದ್ಯೆಯನ್ನು ಕೂಡಿಸುತ್ತದೆ. ವೇಗದವನಿಂದ ಪ್ರತಿ ವರ್ಷ ಏನನ್ನಾದರೂ ಕಸಿದುಕೊಳ್ಳುತ್ತದೆ. ಅವನನ್ನು "ಮುಂದೆ ನೋಡೋಣ" ಎಂದು ಎತ್ತಿಡುವುದು ಸೇವಂತಿಗೆಯನ್ನು ಮುಂದಿನ ಹಬ್ಬಕ್ಕೆಂದು ಎತ್ತಿಟ್ಟಂತೆ.

ದೆಹಲಿಯಿಂದ ಕಥೆ ದಕ್ಷಿಣ ಆಫ್ರಿಕಾದ ಡರ್ಬನ್ನಿಗೆ ಹೋಗುತ್ತದೆ. 1996ರ ಡಿಸೆಂಬರ್ 26. ಅಂದು ಭಾರತದ ಬೌಲಿಂಗ್ ಪಡೆ ಎಂದರೆ ಶ್ರೀನಾಥ್, ಪ್ರಸಾದ್, ಜಾನ್ಸನ್ ಮತ್ತು ಕುಂಬ್ಳೆ. ನಾಲ್ವರೂ ಕನ್ನಡಿಗರು! ಚಿಕ್ಕಮಗಳೂರಿನ ಅಂಗಡಿಯೊಂದರ ಮುಂದೆ ನಿಂತು ದೂರದರ್ಶನದಲ್ಲಿ ನಾವೂ ಸ್ವಲ್ಪ ಹೊತ್ತು ನೋಡಿದ್ದುಂಟು. ಮೈದಾನದಲ್ಲಿ ಅವರವರು ಏನು ಮಾತಾಡಿಕೊಂಡರೋ, ಕನ್ನಡವಂತೂ ಧಾರಾಳವಾಗಿ ಕೇಳಿಸಿರಬೇಕು. ಪ್ರಸಾದ್ ಎರಡೂ ಇನಿಂಗ್ಸಿನಲ್ಲಿ ಐದೈದು ವಿಕೆಟ್ ಪಡೆದರು. ಜಾನ್ಸನ್ನರಿಗೆ ಹರ್ಷಲ್ ಗಿಬ್ಸ್ ಮತ್ತು ಬ್ರಯನ್ ಮೆಕ್‌ಮಿಲನ್ ಬಲಿಯಾದರು. ದಕ್ಷಿಣ ಆಫ್ರಿಕಾ 235 ಮತ್ತು 259 ರನ್ನಿಗೆ ಮುಗಿಯಿತು. ಬೌಲರುಗಳು ತಮ್ಮ ಕಾಯಕ ಮಾಡಿದ್ದರು. ನಮ್ಮ ದಾಂಡಿಗರು 100 ಮತ್ತು 66 ರನ್ನಿಗೆ ಉರುಳಿದರು. ಮೂರೇ ದಿನಗಳಲ್ಲಿ 328 ರನ್ನುಗಳ ಸೋಲು.

ಐದು ದಿನಗಳ ತರುವಾಯ ಕೇಪ್‌ಟೌನಿನಲ್ಲಿ ಎರಡನೆಯ ಟೆಸ್ಟ್ ಶುರುವಾದಾಗ ಜಾನ್ಸನ್ನರ ಸ್ಥಾನದಲ್ಲಿ ದೊಡ್ಡ ಗಣೇಶ್ ಇದ್ದರು. ಆಮೇಲೆ ಜಾನ್ಸನ್ನರನ್ನು ಯಾರೂ ಟೆಸ್ಟಿಗೆ ಕರೆಯಲಿಲ್ಲ. ದೆಹಲಿಯ ಮೊದಲ ದಿನದಿಂದ ಡರ್ಬನ್ನಿನ ಕೊನೆಯ ದಿನದವರೆಗೆ ಎಣಿಸಿದರೆ 80 ದಿನ; ಎರಡು ಟೆಸ್ಟ್, ಮೂರು ವಿಕೆಟ್. ಇನ್ನೂ ಎರಡೂವರೆ ತಿಂಗಳಿಗೆ ಶ್ರೀನಾಥರ ಭುಜ ನೊಂದು ಅವರು ವೆಸ್ಟ್ ಇಂಡೀಸ್ ಪ್ರವಾಸಕ್ಕೇ ಇಲ್ಲವಾದರು. ಆಗಲಾದರೂ ದೇಶದ ಅತಿ ವೇಗದ ಬೌಲರನನ್ನು ನೆನೆಯಬಹುದಿತ್ತು. ಮುಂಬಯಿಯ ಕುರುವಿಲ್ಲಾ ಮತ್ತು ಗಣೇಶ್ ಆಡಿದರು.

ಆಯ್ಕೆಗಾರರ ಪರವಾಗಿಯೂ ಒಂದು ಮಾತು ಸಲ್ಲಬೇಕು. ಜಾನ್ಸನ್ನರ ಚೆಂಡಿಗೆ ವೇಗವಿದ್ದಷ್ಟು ಹಿಡಿತವಿರಲಿಲ್ಲ. ಒಮ್ಮೆ ಗೂಟ ಹಾರಿಸಿದರೆ ಇನ್ನೊಮ್ಮೆ ದಾಂಡಿಗನಿಗೆ ಸುಲಭದ ರನ್ ಕೊಡುತ್ತಿತ್ತು. ಇದು ದೋಷವೇ. ಆದರೆ ದಿಕ್ಕು ಕಲಿಸಬಹುದು, ವೇಗ ಕಲಿಸಲಾಗದು. ತಿದ್ದಬಹುದಾದುದು ತಪ್ಪಿತೆಂದು ತಿದ್ದಲಾಗದುದನ್ನೂ ಹೊರಹಾಕಿದ್ದು ನಮಗೆ ವಿವೇಕವಾಗಿ ತೋರದು. ಕಾಡುಕುದುರೆಯನ್ನು ಎರಡು ದಿನ ಗಾಡಿಗೆ ಕಟ್ಟಿ, ಗಾಡಿ ವಾಲಿತೆಂದು ಬಿಟ್ಟುಬಿಟ್ಟಂತೆ.

ಬಿಟ್ಟ ಮೇಲೆ ಅವರು ಎಸೆಯುವುದನ್ನೇನೂ ಬಿಡಲಿಲ್ಲ. 2001-02ರ ಸಾಲಿನವರೆಗೆ ಪ್ರಥಮ ದರ್ಜೆಯ ಪಂದ್ಯಗಳನ್ನಾಡಿದರು. ಒಟ್ಟು 39 ಪಂದ್ಯ, 125 ವಿಕೆಟ್. ಓದುಗರು ಈ ಎರಡನೆಯ ಸಂಖ್ಯೆಯನ್ನು ಗಮನಿಸಬೇಕು. ಜನ ನೆನಪಿಟ್ಟದ್ದು ಮೂರು ವಿಕೆಟ್‌ಗಳನ್ನು. ಉಳಿದವನ್ನು, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ, ದೂರದರ್ಶನವಿಲ್ಲದ ಮಧ್ಯಾಹ್ನಗಳಲ್ಲಿ, ಸತ್ತಂತಿದ್ದ ನೆಲದ ಮೇಲೆ ಬೆವರಿ ಗಳಿಸಿದ್ದನ್ನು ಲೆಕ್ಕಕ್ಕೆ ಹಿಡಿಯುವವರಿಲ್ಲ.

ಗಣೇಶರ ಕಥೆ ಇದಕ್ಕಿಂತ ಸುಖದ್ದೆಂದು ತಿಳಿಯಬೇಕಾಗಿಲ್ಲ. ಕೇಪ್‌ಟೌನಿನಲ್ಲಿ ಅವರು ಕೊನೆಯವರಾಗಿ ದಾಂಡು ಹಿಡಿದಾಗ ಇನ್ನೊಂದು ತುದಿಯಲ್ಲಿ ನಾಯಕ ತೆಂಡೂಲ್ಕರ್ ಇದ್ದರು. ವೇಗದ ಅಲನ್ ಡೊನಾಲ್ಡ್ ಕೋಪಗೊಂಡು ಗಣೇಶರನ್ನು ಬೈದೇ ಬೈದರಂತೆ. ಗಣೇಶರ ಮುಖದಲ್ಲಿ ಚಲನೆಯಿಲ್ಲ. ಕೊನೆಗೆ ತೆಂಡೂಲ್ಕರರೇ, ಅವರಿಗೆ ತಿಳಿಯುವುದು ಕನ್ನಡ ಮಾತ್ರ, ಬೈಯುವುದಿದ್ದರೆ ಕನ್ನಡದಲ್ಲಿ ಬೈಯಬೇಕೆಂದು ಡೊನಾಲ್ಡರಿಗೆ ತಿಳಿಸಿದರಂತೆ. ತೆಂಡೂಲ್ಕರರೇ ಮುಂದೆ ಹೇಳಿಕೊಂಡ ಪ್ರಸಂಗವಿದು. ಇದನ್ನು ಹೇಳಿದಾಗ ಅತ್ತಿಗುಂಡಿಯ ಹುಡುಗ ಬಿದ್ದುಬಿದ್ದು ನಕ್ಕನು. ಒಳಗಿನಿಂದ ಅವನ ತಾಯಿಯ ನಗುವೂ ಕೇಳಿಸಿತು. ಯಜಮಾನರು ನಗಲಿಲ್ಲ. ಅದೇ ಗಣೇಶರಿಗೆ ದಕ್ಕಿದ್ದು ನಾಲ್ಕು ಟೆಸ್ಟ್, ಒಂದು ಏಕದಿನ ಪಂದ್ಯ. ಕೈಬಿಟ್ಟ ಮರುವರ್ಷವಾದ ಮೇಲೆ, 1998-99ರಲ್ಲಿ, ಒಂದೇ ರಣಜಿ ಸಾಲಿನಲ್ಲಿ 62 ವಿಕೆಟ್ ಪಡೆದು ರಾಜ್ಯಕ್ಕೆ ಟ್ರೋಫಿ ತರಲು ನೆರವಾದರು. ಅಂದಿಗೆ ಬಿಷನ್ ಸಿಂಗ್ ಬೇಡಿಯವರ 64ರ ದಾಖಲೆಗೆ ಎರಡೇ ಕಡಿಮೆ. ಅದಾದ ಮೇಲೂ ಕರೆ ಬರಲಿಲ್ಲ. ನಮ್ಮ ದಾವಣಗೆರೆಯ ವಿನಯ್ ಕುಮಾರರನ್ನೇ ನೋಡಿ; ಪ್ರಥಮ ದರ್ಜೆಯಲ್ಲಿ 504 ವಿಕೆಟ್, ನಾಯಕರಾಗಿ 2013-14, 2014-15ರಲ್ಲಿ ಬೆನ್ನುಬೆನ್ನಿಗೆ ಎರಡು ರಣಜಿ ಟ್ರೋಫಿ. ಆಡಿದ್ದು ಒಂದೇ ಟೆಸ್ಟ್, 2012ರಲ್ಲಿ ಪರ್ತ್‌ನಲ್ಲಿ.

ಜಾನ್ಸನ್ನರು 2024ರ ಜೂನ್ 20ರಂದು ಬೆಂಗಳೂರಿನಲ್ಲಿ, ತಾವು ವಾಸವಾಗಿದ್ದ ಕಟ್ಟಡದ ಮೇಲ್ಮಹಡಿಯಿಂದ ಬಿದ್ದು ತೀರಿಕೊಂಡರು. ಆಗ ಅವರ ವಯಸ್ಸು 52. ಅಂದೇ ಭಾರತ ತಂಡವು ಬಾರ್ಬಡೋಸಿನ ಬ್ರಿಜ್‌ಟೌನಿನಲ್ಲಿ ಅಫ್ಘಾನಿಸ್ತಾನದೊಡನೆ ವಿಶ್ವಕಪ್ ಪಂದ್ಯ ಆಡಬೇಕಿತ್ತು. ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಇಳಿದರು. ಆ ಆಟಗಾರರಲ್ಲಿ ಬಹುಮಂದಿ ಜಾನ್ಸನ್ನರು ಡರ್ಬನ್ನಿನಲ್ಲಿ ಎಸೆಯುತ್ತಿದ್ದಾಗ ತೊಟ್ಟಿಲಲ್ಲಿದ್ದವರು, ಇಲ್ಲವೆ ಶಿಶುವಿಹಾರದಲ್ಲಿದ್ದವರು. ಆದರೆ ಅವರ ತರಬೇತುದಾರರಾಗಿದ್ದ ರಾಹುಲ್ ದ್ರಾವಿಡ್ ದೆಹಲಿಯಲ್ಲೂ ಡರ್ಬನ್ನಿನಲ್ಲೂ ಜಾನ್ಸನ್ನರ ಜೊತೆ ಮೈದಾನದಲ್ಲಿದ್ದವರು. ಆ ಬ್ರಿಜ್‌ಟೌನಿನಲ್ಲಿಯೇ, 1997ರ ಮಾರ್ಚಿನಲ್ಲಿ, ಜಾನ್ಸನ್ನರನ್ನು ಬಿಟ್ಟುಹೋದ ತಂಡ 120 ರನ್ನು ಬೆನ್ನಟ್ಟಲಾರದೆ 81ಕ್ಕೆ ಮುಗ್ಗರಿಸಿತ್ತು.

ಇಷ್ಟು ಹೇಳಿ ಮುಗಿಸಿದಾಗ ಹುಡುಗ ಮೌನವಾಗಿದ್ದನು. ಯಜಮಾನರು ಹೇಳಿದರು: "ನೋಡಿದಿರಾ ಅಯ್ಯನವರೇ, ನಾನು ಹೇಳಿದ್ದೂ ಇದನ್ನೇ. ಅಷ್ಟು ವೇಗ ಇದ್ದವರಿಗೇ ಹೀಗಾಯಿತು. ಇನ್ನು ಅತ್ತಿಗುಂಡಿಯ ಕಣದಲ್ಲಿ ಎಸೆಯುವವನ ಪಾಡೇನು?"

ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲು ನಮಗೆ ಧೈರ್ಯ ಬರಲಿಲ್ಲ. ತೋಟಕ್ಕೆ ಆಳು ಸಿಗದ ಕಾಲ, ಇರುವವನೊಬ್ಬ ಮಗ. ತಂದೆಯ ಭಯ ಪುಸ್ತಕದಿಂದ ಬಂದದ್ದಲ್ಲ. ಆದರೆ ಅವರು ಲೆಕ್ಕ ಹಾಕುತ್ತಿದ್ದುದು ಆಯ್ಕೆಗಾರರ ಪುಸ್ತಕದಿಂದ. ಆ ಪುಸ್ತಕದಲ್ಲಿ ಜಾನ್ಸನ್ನರ ಖಾತೆಗೆ ಮೂರೇ ಇದೆ. ನೂರಿಪ್ಪತ್ತೈದಕ್ಕೆ ಅಲ್ಲಿ ಕಲಮೇ ಇಲ್ಲ. ಅದನ್ನೇ ಅವರಿಗೆ ಹೇಳಿದೆವು. ಕರೆ ಬರುವುದು, ಬಾರದಿರುವುದು ಎಸೆಯುವವನ ಕೈಯಲ್ಲಿಲ್ಲ. ಅದಕ್ಕಾಗಿಯೇ ಎಸೆಯುವವನು ದುಃಖಪಡುವುದು ಖಂಡಿತ. ಈ ಹುಡುಗ ಅದಕ್ಕಾಗಿ ಎಸೆಯುತ್ತಿದ್ದಾನೋ, ಎಸೆಯದೆ ಇರಲಾರನೆಂದು ಎಸೆಯುತ್ತಿದ್ದಾನೋ ಎಂಬುದನ್ನು ತಾವು ಕೇಳಿ ನೋಡಿದ್ದೀರಾ ಎಂದೆವು.

ಯಜಮಾನರು ಉತ್ತರಿಸಲಿಲ್ಲ. ತಾಯಿ ಬಾಗಿಲ ಬಳಿ ಬಂದು ನಿಂತು, "ಪರೀಕ್ಷೆ ಮುಗಿಯುವ ತನಕ ಬೆಳಿಗ್ಗೆ ಒಂದು ಗಂಟೆ ಮಾತ್ರ ಅಂತ ಇಟ್ಟುಕೊಳ್ಳಲಿ. ಆಮೇಲೆ ಚಿಕ್ಕಮಗಳೂರಿನಲ್ಲಿ ಕಲಿಸುವವರು ಯಾರಾದರೂ ಇದ್ದರೆ ವಿಚಾರಿಸೋಣ" ಎಂದರು. ಹೆಣ್ಣುಮಕ್ಕಳ ತೀರ್ಪಿನ ಮುಂದೆ ನಮ್ಮ ಶಾಸ್ತ್ರ ಯಾವ ಮೂಲೆಗೆ? ಯಜಮಾನರು ಒಪ್ಪಿದರೆನ್ನಲಾರೆವು, ಬೇಡವೆನ್ನಲಿಲ್ಲ. ಕಾಫಿ ಒಣಗಿಸುವ ಜಾಗ ದಾಟಿ ಒಂದು ಹೆಜ್ಜೆಯೂ ಬರಕೂಡದೆಂದು ಮಾತ್ರ ಕಟ್ಟುಮಾಡಿದರು.

ನಾವು ಹೊರಟಾಗ ಹೊತ್ತು ಇಳಿದಿತ್ತು. ಆಳುಗಳು ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚುತ್ತಿದ್ದರು. ಹುಡುಗನು ಜೀಪಿನವರೆಗೆ ಬಂದು ಪಾದ ಮುಟ್ಟಿ ನಮಸ್ಕರಿಸಿ, "ಅಯ್ಯನವರೇ, ಜಾನ್ಸನ್ ಎಷ್ಟು ಹೆಜ್ಜೆ ಓಡಿಬರುತ್ತಿದ್ದರು?" ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ನೀನು ಎಷ್ಟು ಓಡುತ್ತೀ ಎಂದೆವು. "ಹದಿನಾಲ್ಕು. ಅದಕ್ಕಿಂತ ಹೆಚ್ಚು ಕಣ ಇಲ್ಲ" ಎಂದನು.